ರಿಜಿಸ್ಟರಿನಲ್ಲಿ ಕಾಣದ ಹೆಂಗಸರು

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಓಡಾಟ ನಿಂತಾಗ, ಕುಟುಂಬ ಯೋಜನೆಯ ಕೆಲಸದಲ್ಲಿದ್ದ ನಾನು ಮೊದಲು ತೆರೆದದ್ದು ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಹಾಕುವ ಚುಚ್ಚುಮದ್ದಿನ ರಿಜಿಸ್ಟರನ್ನು. ಅದರಲ್ಲಿದ್ದವರೆಲ್ಲ ಕಾಗದದ ಮೇಲೆ ‘ಬಳಕೆದಾರರು’. ಮುಂದಿನ ಚುಚ್ಚುಮದ್ದಿನ ಗಡುವು ದಾಟಿ ನಾಲ್ಕು ವಾರದ ವಿನಾಯಿತಿಯೂ ಕಳೆದರೆ ಗರ್ಭ ನಿಲ್ಲದೆಂಬ ಭರವಸೆಯಿಲ್ಲ. ಮಗು ಬೇಡ, ಅಥವಾ ಇನ್ನೆರಡು ವರ್ಷವಾದರೂ ಬೇಡ ಎನ್ನುತ್ತಲೇ ಯಾವ ವಿಧಾನವನ್ನೂ ಬಳಸದವರನ್ನು ‘ಈಡೇರದ ಅಗತ್ಯ’ದ ಲೆಕ್ಕಕ್ಕೆ ಹಿಡಿಯುತ್ತೇವೆ. ಆ ಲೆಕ್ಕ ರಿಜಿಸ್ಟರು ಕೊಡುವುದಿಲ್ಲ. ಗಡುವಿನ ಪ್ರಕಾರ ಪಟ್ಟಿ ಮಾಡಿ ಫೋನ್ ಹಚ್ಚತೊಡಗಿದೆ.

ಸರಬರಾಜಿನ ತೊಂದರೆ ಇತ್ತು, ಇಲ್ಲವೆನ್ನಲಾರೆ. ಆದರೆ ನನ್ನ ಕಿವಿಗೆ ಹೆಚ್ಚು ಬಿದ್ದದ್ದು ಬೇರೆಯೇ: ಮನೆಯಿಂದ ಹೊರಬೀಳಲು ನೆಪವಿಲ್ಲ. ಮಗುವಿನ ಲಸಿಕೆಗೆಂದು ಬಂದು ತನ್ನ ಚುಚ್ಚುಮದ್ದನ್ನೂ ಸದ್ದಿಲ್ಲದೆ ಹಾಕಿಸಿಕೊಂಡು ಹೋಗುತ್ತಿದ್ದವಳು ಈಗ ಏನೆಂದು ಹೇಳಿ ಹೊರಡಬೇಕು? ಆಸ್ಪತ್ರೆಗೆ ಹೋದರೆ ಸೋಂಕು ತಗಲೀತೆಂಬ ಭಯ ಅದರ ಮೇಲೆ. ಗಂಡ ದೂರದಲ್ಲಿದ್ದಾನೆಂದು ಏನನ್ನೂ ಬಳಸದಿದ್ದವರ ಗಂಡಂದಿರು ಕೆಲಸ ಕಳೆದುಕೊಂಡು ಮರಳಿದ್ದರು. ಸಂಪಾದನೆ ನಿಂತ ಮನೆಗಳಲ್ಲಿ ‘ಈಗ ಬೇಡ’ ಎನ್ನುವವರೂ ಹೆಚ್ಚಿದರು. ಬೇಡಿಕೆ ಏರಿದ ಹೊತ್ತಿಗೇ ದಾರಿ ಮುಚ್ಚಿತ್ತು.

ಫೋನಿನಲ್ಲಿ ನಾನು ಹೌದು-ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳುತ್ತಿದ್ದೆ. “ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಗುಳಿಗೆ ಮುಗಿದಿದೆಯಾ? ಮುಟ್ಟು ತಪ್ಪಿದೆಯಾ?” ಒಬ್ಬಾಕೆ, “ಹೂಂ ಸಿಸ್ಟರ್, ಬಿಪಿ ಮಾತ್ರೆ ತಗೋತಾ ಇದ್ದೀನಿ” ಎಂದಳು. ಆಕೆಗೆ ಬಿಪಿಯೇ ಇರಲಿಲ್ಲ! ಮಾತಾಡಲು ಅನುಕೂಲದ ಹೊತ್ತು ಯಾವುದೆಂದು ಕೇಳಿ ಗುರುತು ಹಾಕಿಕೊಂಡೆ. ಮೆಸೇಜ್ ಮಾತ್ರ ಕಳಿಸುತ್ತಿರಲಿಲ್ಲ. ಎಷ್ಟೋ ಕಡೆ ಫೋನು ಗಂಡನದು. ಗುಳಿಗೆ ಒಗ್ಗುವವರಿಗೆ ಹಲವು ತಿಂಗಳಿನದನ್ನು ಒಟ್ಟಿಗೇ ಕೊಟ್ಟುಬಿಡುತ್ತಿದ್ದೆವು.

ಹೆಚ್ಚು ಹೊತ್ತು ಹಿಡಿದದ್ದು ಬಾಣಂತಿಯರ ಜೊತೆಗಿನ ಮಾತು. ಹಾಲುಣಿಸುವಾಗ ಬಸಿರಾಗುವುದಿಲ್ಲವೆಂಬ ನಂಬಿಕೆ ಗಟ್ಟಿಯಾಗಿತ್ತು. ಅದು ನಡೆಯುವುದು ಮಗುವಿಗೆ ಆರು ತಿಂಗಳು ತುಂಬಿರದೆ, ಎದೆಹಾಲು ಮಾತ್ರ ಕುಡಿಯುತ್ತಿದ್ದು, ತಾಯಿಗೆ ಮುಟ್ಟು ಮರಳಿರದಿದ್ದರೆ. ಮೂರರಲ್ಲಿ ಒಂದು ತಪ್ಪಿದರೂ ಬೇರೆ ವಿಧಾನ ಬೇಕು.

ಸಂತಾನಹರಣ ಆಪರೇಷನ್ನನ್ನು ‘ತುರ್ತಲ್ಲ’ ಎಂದು ಮುಂದಕ್ಕೆ ಹಾಕಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಬಸಿರು ಕಾಯುವುದಿಲ್ಲವಲ್ಲ. ಆಪರೇಷನ್ನಿಗೆ ಕಾದಿದ್ದವರಿಗೆ ಹೆರಿಗೆಯಾದ 48 ಗಂಟೆಯೊಳಗೆ ವಂಕಿ (ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸಿಕೊಳ್ಳಬಹುದೆಂದು ಹೆರಿಗೆಗೆ ಮುಂಚೆಯೇ ಹೇಳತೊಡಗಿದೆವು. ಒಲ್ಲೆನೆಂದವರಿಗೆ ಕಾಂಡೋಮ್, ಜೊತೆಗೆ ರಕ್ಷಣೆಯಿಲ್ಲದೆ ಕೂಡಿದ 72 ಗಂಟೆಯೊಳಗೆ ನುಂಗುವ ತುರ್ತು ಗುಳಿಗೆ.