ಔಷಧ ಕೊಡುವವರು ನಿಜವಾಗಿ ಫಾರ್ಮಸಿಸ್ಟಾ? ಪರಿಶೀಲಿಸುವುದು ಹೀಗೆ

ಗೋಡೆಯ ಮೇಲೆ ಫ್ರೇಮು ಹಾಕಿದ ಸರ್ಟಿಫಿಕೇಟ್ ಇದೆ, ಕೌಂಟರಿನಲ್ಲಿ ಬಿಳಿ ಕೋಟು ಹಾಕಿದವರಿದ್ದಾರೆ. ಜಾಸ್ತಿ ಜನ ಇಷ್ಟು ನೋಡಿ ಸಮಾಧಾನ ಪಡುತ್ತಾರೆ. ಆ ಸರ್ಟಿಫಿಕೇಟ್ ಇನ್ಯಾರದ್ದೋ ಆಗಿರಬಹುದು. ಹೆಸರು ಮಾತ್ರ ಗೋಡೆ ಮೇಲಿದ್ದು, ಆ ವ್ಯಕ್ತಿ ಅಂಗಡಿಗೆ ಕಾಲಿಡದೆಯೂ ಇರಬಹುದು. ಹಾಗಾಗಿ ಒಂದೊಂದಾಗಿ ನೋಡಿಕೊಂಡು ಹೋಗೋಣ.

1. ಅಂಗಡಿ ಆರಿಸಿಕೊಳ್ಳಿ

ಹತ್ತಿರದ ಎರಡು ಮೂರು ಅಂಗಡಿ ಸಾಕು. ಮ್ಯಾಪಿನಲ್ಲಿ ಕಾಣುವ ಸ್ಟಾರ್ ನೋಡಿ ಆರಿಸಬೇಡಿ. ಅದರಿಂದ ಲೈಸೆನ್ಸಿನ ವಿಷಯ ಏನೂ ಗೊತ್ತಾಗುವುದಿಲ್ಲ.

2. ಅಂಗಡಿಯ ಲೈಸೆನ್ಸ್ ಬೇರೆ, ವ್ಯಕ್ತಿಯ ನೋಂದಣಿ ಬೇರೆ

ಇವೆರಡನ್ನೂ ಒಂದೇ ಅಂದುಕೊಳ್ಳುವವರು ತುಂಬಾ. ಭಾರತದಲ್ಲಿ ಚಿಲ್ಲರೆ ಔಷಧ ಅಂಗಡಿಗೆ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಲೈಸೆನ್ಸ್ ಕೊಡುತ್ತದೆ. ಸಾಮಾನ್ಯವಾಗಿ ಅದು ಫಾರಂ 20 ಮತ್ತು 21ರಲ್ಲಿರುತ್ತದೆ. ಜನರಿಗೆ ಕಾಣುವ ಕಡೆ ಅದನ್ನು ತೂಗುಹಾಕಲೇಬೇಕು. 20ಎ ಅಥವಾ 21ಎ ಅಂತ ಇದ್ದರೆ ಅದು ಸೀಮಿತ ಲೈಸೆನ್ಸ್, ಅಲ್ಲಿ ಫಾರ್ಮಸಿಸ್ಟ್ ಇರಬೇಕೆಂಬ ನಿಯಮವಿಲ್ಲ. ಡಾಕ್ಟರ ಚೀಟಿ ಹಿಡಿದು ಅಂಥ ಕಡೆ ಹೋಗಬೇಡಿ. ಫಾರ್ಮಸಿಸ್ಟ್ ಆದವರನ್ನು ನೋಂದಾಯಿಸುವುದು ರಾಜ್ಯ ಫಾರ್ಮಸಿ ಕೌನ್ಸಿಲ್, 1948ರ ಫಾರ್ಮಸಿ ಕಾಯ್ದೆಯ ಪ್ರಕಾರ. ಡಿ.ಫಾರ್ಮ, ಬಿ.ಫಾರ್ಮ ಮುಗಿಸಿದರಷ್ಟೇ ಸಾಲದು. ಅದು ಓದು, ನೋಂದಣಿ ಆಮೇಲಿನದು.

3. ನೋಂದಣಿ ಹುಡುಕಿ, ಮುಖಕ್ಕೆ ಹೊಂದಿಸಿ

ಜನ ಎಡವುವುದು ಇಲ್ಲೇ, ನಿಧಾನವಾಗಿ ಮಾಡಿ.

ಹೆಸರಿನಿಂದ ಹುಡುಕಬೇಡಿ, ನೋಂದಣಿ ಸಂಖ್ಯೆಯಿಂದ ಹುಡುಕಿ. ಒಂದೇ ಹೆಸರಿನವರು ಪಟ್ಟಿಯಲ್ಲಿ ಹತ್ತಾರು ಜನ ಸಿಗುತ್ತಾರೆ, ಇನಿಷಿಯಲ್ ಒಂದು ಕಡೆ ಮುಂದಿದ್ದರೆ ಇನ್ನೊಂದು ಕಡೆ ಹಿಂದಿರುತ್ತದೆ. ಸರ್ಟಿಫಿಕೇಟಿನಲ್ಲಿರುವ ಸಂಖ್ಯೆಯನ್ನು ಅಕ್ಷರ, ಗೀಟು ಸಮೇತ ಬರೆದುಕೊಳ್ಳಿ. ಕೌನ್ಸಿಲ್‌ನ ವೆಬ್‌ಸೈಟನ್ನು ನೀವೇ ತೆರೆಯಿರಿ. ಅಂಗಡಿಯವರು ತೋರಿಸುವ ಕ್ಯೂಆರ್ ಕೋಡ್, ಕಳಿಸುವ ಲಿಂಕ್ ಎರಡೂ ಬೇಡ, ಅವು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು. ದುಡ್ಡು ತೆಗೆದುಕೊಂಡು ‘ವೆರಿಫೈ’ ಮಾಡಿಕೊಡುವ ಖಾಸಗಿ ಸೈಟುಗಳ ಗೊಡವೆಗೂ ಹೋಗಬೇಡಿ.

ಹೆಸರು ಸಿಕ್ಕಿತು ಅಂತ ನಿಲ್ಲಿಸಬೇಡಿ. ನೋಂದಣಿ ಎಲ್ಲಿಯವರೆಗೆ ಚಾಲ್ತಿಯಲ್ಲಿದೆ ನೋಡಿ. ನವೀಕರಣ ಆಗದ ಹೆಸರು, ಅಮಾನತಾದ ಹೆಸರು ಎರಡೂ ಹುಡುಕಾಟದಲ್ಲಿ ಬರಬಹುದು. ಬ್ರಿಟನ್ನಿನಲ್ಲಿ ಫಾರ್ಮಸಿ ಟೆಕ್ನಿಷಿಯನ್‌ಗಳೂ ನೋಂದಣಿ ಆಗಿರುತ್ತಾರೆ, ಹಾಗಾಗಿ ಯಾವ ವರ್ಗದಲ್ಲಿ ಅನ್ನುವುದನ್ನೂ ಓದಬೇಕು. ಅಮೆರಿಕದಲ್ಲಿ ನೋಂದಣಿ ನೋಡಿಕೊಳ್ಳಲು ಒಂದೊಂದು ರಾಜ್ಯಕ್ಕೂ ಒಂದೊಂದು ಫಾರ್ಮಸಿ ಬೋರ್ಡ್, ಅಂಗಡಿ ಇರುವ ರಾಜ್ಯದಲ್ಲೇ ಹುಡುಕಬೇಕು. ಏನೂ ಸಿಗದಿದ್ದರೆ ತಕ್ಷಣ ನಕಲಿ ಅನ್ನಬೇಡಿ, ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿ.

ಈಗ ಮುಖ್ಯವಾದ ಮಾತು. ಪಟ್ಟಿಯಲ್ಲಿರುವ ವ್ಯಕ್ತಿ ಕೌಂಟರಿನಲ್ಲಿ ಇದ್ದಾರಾ? ನೀವು ಮಾಮೂಲಿಯಾಗಿ ಔಷಧ ಕೊಳ್ಳುವ ಹೊತ್ತಿಗೇ ಹೋಗಿ. ‘ಫಾರ್ಮಸಿಸ್ಟ್ ಯಾರು? ಅವರ ಹತ್ತಿರ ಒಂದು ವಿಷಯ ಕೇಳಬೇಕಿತ್ತು’ ಅನ್ನಿ. ಜಗಳದ ದನಿ ಬೇಡ. ‘ಈಗಷ್ಟೇ ಹೊರಗೆ ಹೋದರು’ ಅಂದರೆ ಬೇರೆ ದಿನ ಮತ್ತೆ ಹೋಗಿ. ಆಗಲೂ ಅದೇ ಉತ್ತರವೇ ಬಂದರೆ ಆ ಅಂಗಡಿ ಬಿಡಿ. ಬ್ರಿಟನ್ನಿನಲ್ಲಿ ಆ ಹೊತ್ತಿನ ಜವಾಬ್ದಾರಿ ಹೊತ್ತ ಫಾರ್ಮಸಿಸ್ಟ್ ಯಾರು ಅಂತ ಹೆಸರು, ನೋಂದಣಿ ಸಂಖ್ಯೆ ಸಮೇತ ಬೋರ್ಡ್ ಹಾಕಲೇಬೇಕು. ಎಲ್ಲ ಕಡೆಯೂ ಹೀಗಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

4. ಒಂದು ಪ್ರಶ್ನೆ ಕೇಳಿ

ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಕೊಟ್ಟು, ಹೊಸದು ಇವುಗಳ ಜೊತೆ ಹೊಂದುತ್ತದಾ ಅಂತ ಕೇಳಿ. ಪಟ್ಟಿಯಲ್ಲಿ ರಕ್ತ ತೆಳುವಾಗಿಸುವ ವಾರ್ಫರಿನ್ ಇದೆ, ನೀವು ಕೇಳುತ್ತಿರುವುದು ನೋವಿಗೆ ಐಬುಪ್ರೊಫೆನ್ ಅಂದುಕೊಳ್ಳಿ. ಬಲ್ಲವರು ಅಲ್ಲೇ ತಡೆಯುತ್ತಾರೆ, ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಏನೂ ಕೇಳದೆ ಸ್ಟ್ರಿಪ್ ಕತ್ತರಿಸಿ ಕೊಟ್ಟರೆ, ನೋಂದಣಿ ಸರಿಯಿದ್ದರೂ ನಾನಂತೂ ಅಲ್ಲಿ ಕೊಳ್ಳುವುದಿಲ್ಲ.

5. ಆನ್‌ಲೈನ್ ಅಂಗಡಿಯಾದರೆ

ಸೈಟಿನಲ್ಲಿ ಹಾಕಿರುವ ಅಧಿಕೃತ ಮುದ್ರೆಯ ಚಿತ್ರ ನೋಡಿ ನಂಬಬೇಡಿ, ಅದನ್ನು ಒತ್ತಿ ನೋಡಿ. ಐರೋಪ್ಯ ಒಕ್ಕೂಟದಲ್ಲಿ 2015ರ ಜುಲೈನಿಂದ ಇರುವ ಹಸಿರು ಲೋಗೊ ಒತ್ತಿದರೆ, ಆಯಾ ದೇಶದ ಅಧಿಕೃತ ಪಟ್ಟಿಗೆ ಹೋಗಬೇಕು. ಹೋಗದಿದ್ದರೆ ಅದು ಬರೀ ಚಿತ್ರ.

6. ತಾಳೆ ಆಗದಿದ್ದರೆ

ವ್ಯಕ್ತಿಯ ಬಗ್ಗೆ ದೂರು ಇದ್ದರೆ ಫಾರ್ಮಸಿ ಕೌನ್ಸಿಲ್‌ಗೆ, ಅಂಗಡಿಯ ಬಗ್ಗೆ ಆದರೆ ಔಷಧ ನಿಯಂತ್ರಣ ಇಲಾಖೆಗೆ ಬರೆಯಿರಿ. ಹೋದ ದಿನಾಂಕ, ಹೊತ್ತು, ನೀವು ಬರೆದುಕೊಂಡ ನೋಂದಣಿ ಸಂಖ್ಯೆ ಮೂರೂ ಅದರಲ್ಲಿರಲಿ, ಬಿಲ್ಲಿನ ಪ್ರತಿಯನ್ನೂ ಲಗತ್ತಿಸಿ. ಬಿಲ್ ಕೊಡದ ಅಂಗಡಿಯಲ್ಲಿ ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ಸಂಖ್ಯೆ ಇದೆಯಾ ಅಂತ ಅಲ್ಲೇ ನೋಡಿಕೊಳ್ಳಿ.