ಆಟಗಾರ ವಿದ್ಯಾರ್ಥಿಯ ಓದಿಗೆ ಕಾಲೇಜು ಆಸರೆಯಾಗುವ ಬಗೆ

ಕಾರವಾರ, ಅಂಕೋಲಾ, ಕುಮಟಾ, ಶಿರಸಿಗಳ ಕಾಲೇಜುಗಳಲ್ಲಿ ಕಬಡ್ಡಿ, ವಾಲಿಬಾಲ್, ಖೋಖೋ ಆಡುವ ವಿದ್ಯಾರ್ಥಿಗಳು ಗೆದ್ದು ಬಂದಾಗ ಶಾಲು ಹೊದಿಸುವುದಕ್ಕೆ ನಾವು ಮರೆಯುವುದಿಲ್ಲ. ಆದರೆ ಅವರು ತಂಡದೊಂದಿಗೆ ಊರು ಬಿಟ್ಟಿದ್ದ ದಿನಗಳಲ್ಲಿ ತಪ್ಪಿಹೋದ ಪಾಠ, ಪ್ರಾಯೋಗಿಕ ತರಗತಿ, ಇಂಟರ್ನಲ್ ಪರೀಕ್ಷೆ ಇವುಗಳ ಹೊಣೆ ಯಾರದು ಎಂದು ಕೇಳಿದರೆ ಸ್ಪಷ್ಟ ಉತ್ತರ ಸಿಗುವುದು ಅಪರೂಪ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯು ತನ್ನ ಮೊದಲ ಶ್ರೇಣಿಯ ಕಾಲೇಜುಗಳು ಆಟಗಾರರಿಗೆ ಶೈಕ್ಷಣಿಕ ಸಲಹೆ ಮತ್ತು ಹೆಚ್ಚುವರಿ ಪಾಠದ ವ್ಯವಸ್ಥೆ ಮಾಡಲೇಬೇಕೆಂದು ನಿಯಮ ಮಾಡಿದೆ. ಪಂದ್ಯಗಳ ಋತುವಿನಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಅಭ್ಯಾಸ ಮಾಡಿಸಬಾರದೆಂಬ ಮಿತಿಯನ್ನು 1991ರಲ್ಲಿಯೇ ತಂದಿದೆ. ಅಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕಟ್ಟಡ, ಪ್ರತ್ಯೇಕ ಸಿಬ್ಬಂದಿ ಇರುತ್ತಾರೆ. ನಮ್ಮ ಜಿಲ್ಲೆಯ ಕಾಲೇಜಿಗೆ ಅಷ್ಟೆಲ್ಲ ಬೇಕಾಗಿಲ್ಲ. ಒಬ್ಬ ಹೊಣೆಗಾರ ಅಧ್ಯಾಪಕ, ಒಂದು ಫೈಲು, ಮತ್ತು ತಂಡ ಬಸ್ ಹತ್ತುವ ಮೊದಲೇ ಕಾಗದಪತ್ರ ಮುಗಿಸುವ ಶಿಸ್ತು ಇದ್ದರೆ ಕೆಲಸದ ಬಹುಪಾಲು ಆದಂತೆಯೇ.

ಮೊದಲು ಹೊಣೆಗಾರರನ್ನು ನೇಮಿಸಬೇಕು. ಈ ಕೆಲಸವನ್ನೂ ದೈಹಿಕ ಶಿಕ್ಷಣ ನಿರ್ದೇಶಕರ ತಲೆಗೇ ಕಟ್ಟುವ ರೂಢಿ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಂಡವನ್ನು ಕಟ್ಟುವವರೇ ಓದಿನ ಪರವಾಗಿಯೂ ನಿಲ್ಲಬೇಕೆಂದರೆ, ಪಂದ್ಯ ಮತ್ತು ಪರೀಕ್ಷೆ ಎದುರುಬದುರಾದ ದಿನ ಅವರು ಇಕ್ಕಟ್ಟಿಗೆ ಸಿಲುಕುತ್ತಾರೆ. ವಿಜ್ಞಾನ ಅಥವಾ ವಾಣಿಜ್ಯ ವಿಭಾಗದ ಒಬ್ಬ ಅಧ್ಯಾಪಕರಿಗೆ ಪ್ರಾಂಶುಪಾಲರು ಲಿಖಿತ ಆದೇಶದ ಮೂಲಕ ಈ ಹೊಣೆ ವಹಿಸುವುದು ಒಳ್ಳೆಯದು. ಆದೇಶ ಬಾಯಿಮಾತಿನದಾದರೆ ಉಳಿದ ವಿಭಾಗಗಳು ಅದನ್ನು ಗಂಭೀರವಾಗಿ ಪರಿಗಣಿಸುವುದಿಲ್ಲ.

ಹೊಣೆ ಹೊತ್ತವರು ಸೆಮಿಸ್ಟರ್ ಆರಂಭದಲ್ಲಿಯೇ ವಿಶ್ವವಿದ್ಯಾಲಯದ ಕ್ರೀಡಾ ವೇಳಾಪಟ್ಟಿ, ಕಾಲೇಜಿನ ಇಂಟರ್ನಲ್ ದಿನಾಂಕಗಳು ಮತ್ತು ಪ್ರಾಯೋಗಿಕ ತರಗತಿಗಳ ಸರದಿ ಈ ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಳ್ಳಬೇಕು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರಾಗಿರುತ್ತದೆ, ಹೊರಾಂಗಣ ಅಭ್ಯಾಸ ಕುಂಟುತ್ತದೆ. ಮಳೆ ಹಿಂದೆ ಸರಿದ ಮೇಲೆ ಪಂದ್ಯ, ಆಯ್ಕೆ ಶಿಬಿರ, ಪ್ರಯಾಣ ಎಲ್ಲವೂ ಒಟ್ಟಿಗೆ ಬರುತ್ತವೆ, ಅದೇ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆಯೂ ಹತ್ತಿರವಾಗುತ್ತದೆ. ಆದ್ದರಿಂದ ಆಟಗಾರರ ಓದಿನ ಭಾರವನ್ನು ಮಳೆಗಾಲಕ್ಕೇ ಸರಿಸಬೇಕು. ಅಸೈನ್‌ಮೆಂಟ್‌ಗಳ ವಿಷಯವನ್ನು ಅವರಿಗೆ ಆಗಸ್ಟ್‌ನಲ್ಲಿಯೇ ಕೊಟ್ಟು ಬರೆಸಿಕೊಳ್ಳಬಹುದು, ಕಠಿಣವಾದ ಘಟಕಗಳನ್ನು ಮೊದಲೇ ಹೇಳಿಕೊಡಬಹುದು. ಹೊರಗೆ ಜಡಿಮಳೆ ಸುರಿಯುತ್ತಿರುವಾಗ ಗ್ರಂಥಾಲಯದಲ್ಲಿ ಕೂರಿಸುವುದಕ್ಕೆ ಯಾವ ಆಟಗಾರನ ಮನವೊಲಿಸುವ ಅಗತ್ಯವೂ ಬೀಳುವುದಿಲ್ಲ.

ಹಾಜರಾತಿಯ ವಿಷಯದಲ್ಲಿ ಊಹೆಗೆ ಅವಕಾಶ ಕೊಡಬಾರದು. ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 75ರಷ್ಟು ಹಾಜರಾತಿ ಬೇಕು. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂತೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವ ಕಡೆ ಶೇ. 85 ಬೇಕು, ಸಕಾರಣವಿದ್ದು ಪ್ರಾಂಶುಪಾಲರ ಶಿಫಾರಸು ಇದ್ದರೆ ಶೇ. 10ರವರೆಗಿನ ಕೊರತೆಯನ್ನು ಮನ್ನಿಸುವ ಅವಕಾಶವಿದೆ. ಅಲ್ಲಿ ಹಾಜರಾತಿಯ ಜೊತೆಗೆ ಆಂತರಿಕ ಮೌಲ್ಯಮಾಪನದಲ್ಲಿ ಶೇ. 40 ಅಂಕ ಬಾರದಿದ್ದರೂ ಸೆಮಿಸ್ಟರ್ ಪರೀಕ್ಷೆಗೆ ಕೂರಲು ಬಿಡುವುದಿಲ್ಲ ಎಂಬುದನ್ನು ಮೊದಲ ವರ್ಷದ ಆಟಗಾರರಿಗೆ ಒತ್ತಿ ಹೇಳಬೇಕು. ಕಾಲೇಜಿನ ಪರವಾಗಿ ಆಡಲು ಹೋದ ದಿನಗಳನ್ನು ‘ಒ.ಡಿ.’ (ಆನ್ ಡ್ಯೂಟಿ, ಅಂದರೆ ಕಾಲೇಜಿನ ಕೆಲಸದ ಮೇಲೆ ಹೋದದ್ದು) ಎಂದು ನಮೂದಿಸುವ ಪದ್ಧತಿ ಇದ್ದರೂ ಅದು ತಾನಾಗಿಯೇ ದಾಖಲಾಗುವುದಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ಪ್ರಮಾಣಪತ್ರಗಳ ಕಟ್ಟು ಹಿಡಿದು ವಿಭಾಗದಿಂದ ವಿಭಾಗಕ್ಕೆ ಅಲೆಯುವ ವಿದ್ಯಾರ್ಥಿಯ ಮಾತು ನಿಜವೇ ಆಗಿದ್ದರೂ ಅದು ಕ್ಷಮೆ ಕೇಳಿದಂತೆ ತೋರುತ್ತದೆ. ಅದರ ಬದಲು ಹೊರಡುವ ಒಂದು ವಾರ ಮೊದಲು ಈ ಬಗೆಯ ಪತ್ರ ಎಲ್ಲ ವಿಷಯಗಳ ಅಧ್ಯಾಪಕರ ಕೈ ಸೇರಬೇಕು:

“ಮಾನ್ಯರೇ, ನಾನು ದ್ವಿತೀಯ ಬಿ.ಎಸ್ಸಿ. ತರಗತಿಯಲ್ಲಿ ಓದುತ್ತಿದ್ದು, ಧಾರವಾಡದಲ್ಲಿ ನಡೆಯುವ ಅಂತರ ಕಾಲೇಜು ಕಬಡ್ಡಿ ಪಂದ್ಯಾವಳಿಯಲ್ಲಿ ನಮ್ಮ ಕಾಲೇಜಿನ ಪರವಾಗಿ ಭಾಗವಹಿಸಲು ಪ್ರಯಾಣವೂ ಸೇರಿ ಕೆಳಕಂಡ ದಿನಾಂಕಗಳಂದು ತರಗತಿಗೆ ಗೈರಾಗಲಿದ್ದೇನೆ. ಈ ಅವಧಿಯಲ್ಲಿ ನಿಮ್ಮ ವಿಷಯದಲ್ಲಿ ನಡೆಯಲಿರುವ ಪಾಠ, ಪ್ರಯೋಗ ಮತ್ತು ಪರೀಕ್ಷೆಯ ವಿವರವನ್ನು ಕೆಳಗಿನ ಖಾಲಿ ಜಾಗದಲ್ಲಿ ಬರೆದುಕೊಡಬೇಕಾಗಿಯೂ, ತಪ್ಪುವ ಪ್ರಯೋಗವನ್ನು ಮರಳಿದ ಮೇಲೆ ಮಾಡಲು ಒಂದು ದಿನ ಗೊತ್ತುಪಡಿಸಬೇಕಾಗಿಯೂ ವಿನಂತಿ.”

ಈ ಪತ್ರದ ಜೀವ ಇರುವುದು ಆ ಖಾಲಿ ಜಾಗದಲ್ಲಿ. ಅಧ್ಯಾಪಕರು ತಮ್ಮ ಕೈಯಾರೆ ದಿನಾಂಕ ಬರೆದ ಮೇಲೆ ಮರುಪ್ರಯೋಗ ಅವರ ಒಪ್ಪಂದವಾಗುತ್ತದೆ. ಪ್ರಯಾಣದ ದಿನಗಳನ್ನು ಪತ್ರದಲ್ಲಿ ಬಿಡಬಾರದು. ಕಾರವಾರದಿಂದ ಧಾರವಾಡಕ್ಕೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಗಳ ಮೇಲೆ ಹೋಗುವ ಬಸ್ಸಿನಲ್ಲಿ ಹೋಗುವುದಕ್ಕೂ ಬರುವುದಕ್ಕೂ ತರಗತಿಯ ದಿನಗಳೇ ಖರ್ಚಾಗುತ್ತವೆ.

ತಪ್ಪಿದ ಪಾಠ ತುಂಬಿಸುವ ಬಗೆ ವಿಷಯದಿಂದ ವಿಷಯಕ್ಕೆ ಬೇರೆಯಾಗುತ್ತದೆ. ಇತಿಹಾಸ, ಕನ್ನಡ, ಸಮಾಜಶಾಸ್ತ್ರಗಳಲ್ಲಿ ಗೆಳೆಯರ ನೋಟ್ಸಿನ ಝೆರಾಕ್ಸ್ ಮತ್ತು ಒಂದು ಗಂಟೆಯ ಮಾತುಕತೆ ಬಹುಮಟ್ಟಿಗೆ ಸಾಕು. ಲೆಕ್ಕಶಾಸ್ತ್ರದಲ್ಲಿ ಹಾಗಲ್ಲ. ಒಂದು ಅಧ್ಯಾಯದ ಮೊದಲ ಎರಡು ಲೆಕ್ಕಗಳನ್ನು ಹಲಗೆಯ ಮೇಲೆ ಬಿಡಿಸುವಾಗ ಇಲ್ಲದಿದ್ದ ವಿದ್ಯಾರ್ಥಿಗೆ ಮೂರನೆಯ ಲೆಕ್ಕದ ಹೊಂದಾಣಿಕೆ ನಮೂದುಗಳು ಎಲ್ಲಿಂದ ಬಂದವೆಂದೇ ತಿಳಿಯುವುದಿಲ್ಲ. ಅವನಿಗೆ ಬಿಡಿಸಿದ ಉತ್ತರ ಕೊಟ್ಟರೆ ಪ್ರಯೋಜನವಿಲ್ಲ, ಬಿಡಿಸದ ಲೆಕ್ಕ ಕೊಟ್ಟು, ಅವನ ಪೆನ್ನು ಎಲ್ಲಿ ನಿಲ್ಲುತ್ತದೆಂದು ಪಕ್ಕದಲ್ಲಿ ಕೂತು ನೋಡಬೇಕು. ರಸಾಯನಶಾಸ್ತ್ರದ ಟೈಟ್ರೇಷನ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆಯುವ ಪ್ರಯೋಗ, ಅಂತೂ ಕೈಯಿಂದಲೇ ಬರಬೇಕಾದ ವಿದ್ಯೆ. ಬ್ಯೂರೆಟ್ಟಿನ ಕೊನೆಯ ಹನಿಗೆ ಬಣ್ಣ ತಿರುಗುವ ಕ್ಷಣವನ್ನು ಗೆಳತಿಯ ಜರ್ನಲ್ ನೋಡಿ ಬರೆದುಕೊಂಡವರಿಗೆ ಪ್ರಾಯೋಗಿಕ ಪರೀಕ್ಷೆಯ ದಿನ ಕೈ ನಡುಗುತ್ತದೆ. ಜರ್ನಲ್ ನಕಲು ಮಾಡಿಸಿ ಸಹಿ ಹಾಕುವುದನ್ನು ಆಟಗಾರರಿಗೆ ಮಾಡುವ ಉಪಕಾರವೆಂದು ಯಾರೂ ಭಾವಿಸಬಾರದು. ಇನ್ನೊಂದು ಬ್ಯಾಚಿನ ಜೊತೆ ನಿಲ್ಲಿಸಿ ಪ್ರಯೋಗ ಮಾಡಿಸುವುದೇ ನಿಜವಾದ ಸಹಾಯ.

ಪ್ರಯಾಣದಲ್ಲಿ ಓದುವಂತೆ ಪುಸ್ತಕ ಕೊಟ್ಟು ಕಳಿಸುವುದರಿಂದ ಹೆಚ್ಚಿನ ಲಾಭವಿಲ್ಲ. ಅರಬೈಲಿನ ಅಥವಾ ದೇವಿಮನೆ ಘಟ್ಟದ ತಿರುವುಗಳಲ್ಲಿ ಪುಟದ ಮೇಲೆ ಕಣ್ಣಿಟ್ಟರೆ ಹೊಟ್ಟೆ ತೊಳಸುತ್ತದೆ. ಸಹಪಾಠಿಯೊಬ್ಬರು ಪಾಠದ ಸಾರವನ್ನು ಕನ್ನಡದಲ್ಲಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಟ್ಟರೆ ಕಿವಿಗೆ ಹಾಕಿಕೊಂಡು ಕೇಳಬಹುದು. ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಅದನ್ನು ಹೊರಡುವ ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಕಲಿಕಾ ಜಾಲತಾಣದ ಉಚಿತ ಪಾಠಗಳನ್ನೂ ಹೀಗೆಯೇ ಬಳಸಬಹುದು, ಆದರೆ ಅವು ನಮ್ಮ ಪಠ್ಯಕ್ರಮಕ್ಕೆ ಹೊಂದುತ್ತವೆಯೇ ಎಂದು ಅಧ್ಯಾಪಕರು ಮೊದಲು ನೋಡಿಕೊಳ್ಳಬೇಕು.

ಹೆಚ್ಚುವರಿ ಪಾಠಕ್ಕೆ ಸಂಜೆ ಆರೂವರೆಯ ಸಮಯ ಇಡುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಅಭ್ಯಾಸ ಮುಗಿಸಿ ಹಳ್ಳಿಗೆ ಕೊನೆಯ ಬಸ್ ಹಿಡಿಯಬೇಕಾದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅದು ಆಗದ ಮಾತು. ಮಧ್ಯಾಹ್ನದ ಬಿಡುವು, ಅಥವಾ ಮೊದಲ ತರಗತಿಗೆ ಮುಂಚಿನ ಮುಕ್ಕಾಲು ಗಂಟೆ ನಡೆಯುತ್ತದೆ. ವಿದ್ಯಾರ್ಥಿನಿಲಯದಲ್ಲಿರುವವರಿಗೆ ಮಾತ್ರ ರಾತ್ರಿಯ ಗುಂಪು ಓದು ಏರ್ಪಡಿಸಬಹುದು. ಮನೆಯಲ್ಲಿ ಸಿಗ್ನಲ್ ಸಿಗದ ಜೋಯಿಡಾ ಕಡೆಯ ವಿದ್ಯಾರ್ಥಿಗೆ ವಾಟ್ಸ್‌ಆ್ಯಪ್‌ನಲ್ಲಿ ನೋಟ್ಸ್ ಕಳಿಸಿ ಕೆಲಸ ಆಯಿತೆಂದು ಸುಮ್ಮನಾಗದೆ ಕೈಗೆ ಪ್ರತಿ ಕೊಡಬೇಕು.

ಇಷ್ಟೆಲ್ಲ ಏಕೆಂದು ಕೇಳುವವರಿಗೆ ಈ ಜಿಲ್ಲೆಯಲ್ಲೇ ಉತ್ತರವಿದೆ. ಸಿದ್ದಿ ಸಮುದಾಯದ ಮಕ್ಕಳ ಓಟದ ಶಕ್ತಿಯನ್ನು ಗುರುತಿಸಿ ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದಲ್ಲಿ ವಿಶೇಷ ತರಬೇತಿ ಆರಂಭಿಸಿತು, ಅವರಲ್ಲಿ ಕೆಲವರು ರಾಷ್ಟ್ರಮಟ್ಟಕ್ಕೆ ಏರಿದರು, ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಕ್ರೀಡಾ ಯೋಜನೆಯನ್ನು ಒಂದು ಆದೇಶ ನಿಲ್ಲಿಸಬಲ್ಲದು, ಮಂಡಿಯ ಒಂದು ಗಾಯ ಆಟವನ್ನೇ ನಿಲ್ಲಿಸಬಲ್ಲದು. ಪಡೆದ ಪದವಿಯನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಗಾಯದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಬರೆಯುವ ಕೈಗೆ ಪೆಟ್ಟಾದರೆ ಅಂದೇ ವೈದ್ಯರ ಪ್ರಮಾಣಪತ್ರ ಪಡೆದು, ಪರೀಕ್ಷೆಗೆ ಬರಹಗಾರರ ನೆರವು ಕೋರಿ ಪ್ರಾಂಶುಪಾಲರ ಮೂಲಕ ಅರ್ಜಿ ಹಾಕಬೇಕು. ಸೆಮಿಸ್ಟರ್ ಪರೀಕ್ಷೆ ಮತ್ತು ಅಂತರ ವಿಶ್ವವಿದ್ಯಾಲಯ ಪಂದ್ಯಗಳ ದಿನಾಂಕ ಒಂದೇ ಆದರೆ, ತಂಡದ ಪಟ್ಟಿ ಪ್ರಕಟವಾದ ದಿನವೇ ಅದರ ಪ್ರತಿಯೊಂದಿಗೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೂ ಕ್ರೀಡಾ ವಿಭಾಗಕ್ಕೂ ಬರೆದು ಲಿಖಿತ ಉತ್ತರ ಪಡೆಯಬೇಕು. ಉತ್ತರ ಬರುವವರೆಗೆ ವಿದ್ಯಾರ್ಥಿ ಪರೀಕ್ಷೆ ಇದೆಯೆಂದೇ ತಿಳಿದು ಓದುತ್ತಿರಬೇಕು. “ಹೇಗೂ ಆಗುತ್ತದೆ” ಎಂಬ ಭರವಸೆಯನ್ನು ಯಾರೂ ಬಾಯಿಮಾತಿನಲ್ಲಿ ಕೊಡಬಾರದು.

ಪತ್ರಗಳ ಪ್ರತಿ, ಹಾಜರಾತಿ ಲೆಕ್ಕ, ಮರುಪ್ರಯೋಗದ ದಿನಾಂಕ ಎಲ್ಲವೂ ಆಟಗಾರನ ಹೆಸರಿನ ಒಂದೊಂದು ಫೈಲಿನಲ್ಲಿರಲಿ, ಫೈಲು ಅಧ್ಯಾಪಕರ ಮನೆಯಲ್ಲಲ್ಲ, ಕಾಲೇಜಿನ ಕಪಾಟಿನಲ್ಲಿರಲಿ. ಸರ್ಕಾರಿ ಕಾಲೇಜುಗಳಲ್ಲಿ ಹೊಣೆಗಾರರಿಗೆ ವರ್ಗಾವಣೆಯಾಗುವುದು ಸಾಮಾನ್ಯವಾದ್ದರಿಂದ, ಹೊರಡುವವರು ಬರುವವರಿಗೆ ಫೈಲುಗಳನ್ನು ಸಹಿ ಹಾಕಿ ಒಪ್ಪಿಸುವಾಗ ಯಾವ ವಿದ್ಯಾರ್ಥಿಗೆ ಯಾವ ವಿಷಯ ಬಾಕಿಯಿದೆ ಎಂಬ ಪಟ್ಟಿಯನ್ನು ಮೇಲಿನ ಪುಟದಲ್ಲಿಯೇ ಇರಿಸಬೇಕು.