ಉತ್ತರ ಕನ್ನಡ ತಿಳಿಯಬೇಕಾ? ಅಘನಾಶಿನಿ ಹಿಡಿದು ಇಳಿಯಿರಿ

ಉತ್ತರ ಕನ್ನಡ ಅಂದ್ರೆ ಬೀಚು, ಜಲಪಾತ ಅಷ್ಟೇ ಅಂದುಕೊಂಡವರೇ ಜಾಸ್ತಿ. ಅಲ್ಲಿನ ಜನರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಿದ್ದರೆ ಹೆದ್ದಾರಿ ಬಿಡಿ, ನದಿ ಹಿಡಿಯಿರಿ. ಯಾವ ನದಿ? ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು, ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ, ಹುಟ್ಟಿದಲ್ಲಿಂದ ಸಮುದ್ರದವರೆಗೆ ತನ್ನ ಪಾಡಿಗೆ ಹರಿಯುತ್ತದೆ, ಹಾಗಾಗಿ ಅದೇ ಸರಿ.

ಶಿರಸಿಯಿಂದ ಶುರು ಮಾಡಿ, ನದಿ ಹುಟ್ಟುವುದೂ ಅಲ್ಲೇ. ಅಡಿಕೆ ತೋಟ ಎಲ್ಲಿದೆ ಅಂತ ಗಮನಿಸಿ: ಕಣಿವೆಯ ತಗ್ಗಿನಲ್ಲಿ, ನೀರು ಹತ್ತಿರ ಇರುವಲ್ಲಿ. ಈಗ ತಲೆ ಎತ್ತಿ ಸುತ್ತಲಿನ ಗುಡ್ಡ ನೋಡಿ. ಅದು ಸುಮ್ನೆ ಬಿಟ್ಟ ಕಾಡಲ್ಲ, ಸೊಪ್ಪಿನ ಬೆಟ್ಟ. ತೋಟಕ್ಕೆ ಹಾಕುವ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಎಲ್ಲ ಅಲ್ಲಿಂದಲೇ ಬರಬೇಕು, ಬೆಟ್ಟ ಬೋಳಾದರೆ ತೋಟವೂ ಸೊರಗುತ್ತದೆ. ಮಳೆಗಾಲದಲ್ಲಿ ಹೋದರೆ ಅಡಿಕೆಯ ಕೊಳೆರೋಗ ತಡೆಯಲು ಮರ ಹತ್ತಿ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ಕೊನೆಗೌಡರನ್ನು, ಅಂದರೆ ಅಡಿಕೆ ಮರ ಹತ್ತುವ ಕೆಲಸಗಾರರನ್ನು, ನೋಡಬಹುದು. ಅವರು ಸಿಗುವುದೇ ಈಗ ಕಷ್ಟ, ಯಾವ ತೋಟಿಗರನ್ನು ಬೇಕಾದರೂ ಕೇಳಿ.

ನದಿ ಸಿದ್ದಾಪುರದ ಕಡೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ನೀವು ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಇಳಿಯಿರಿ. ನೋಡಲು ಚಂದ, ನಿಜ, ಆದರೆ ವ್ಯಾಪಾರದವರಿಗೆ ಘಟ್ಟ ಅಂದ್ರೆ ತಲೆನೋವು, ಗುಡ್ಡ ಕುಸಿದರೆ ಲಾರಿಗಳು ಸುತ್ತು ಬಳಸಿ ಹೋಗಬೇಕು.

ಕೆಳಗಿಳಿದ ಮೇಲೆ ಅವಸರ ಮಾಡಬೇಡಿ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಕಡೆ ಗಜನಿ ಗದ್ದೆಗಳಿವೆ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ಗದ್ದೆಗಳು. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪಿಗೂ ಜಗ್ಗುವುದಿಲ್ಲ, ನೆರೆ ನಿಂತರೂ ಸಾಯುವುದಿಲ್ಲ, ಗೊಬ್ಬರವಂತೂ ಕೇಳುವುದೇ ಇಲ್ಲ. ಕೊಯ್ಲಿನಲ್ಲಿ ನೀರಿಗಿಳಿದು ತೆನೆ ಮಾತ್ರ ಕತ್ತರಿಸುತ್ತಾರೆ, ಹುಲ್ಲು ನೀರಲ್ಲೇ ಉಳಿಯುತ್ತದೆ. ಯಾಕೆ ಗೊತ್ತಾ? ಕೊಯ್ಲು ಮುಗಿದ ಮೇಲೆ ಉಪ್ಪುನೀರು ತಡೆಯುವ ಕಟ್ಟೆಯ ಬಾಗಿಲು ತೆಗೆದರೆ ಉಬ್ಬರದ ಜೊತೆ ಸೀಗಡಿ, ಮೀನಿನ ಮರಿ ಒಳಗೆ ಬರುತ್ತವೆ, ಅವಕ್ಕೆ ಆ ಕೊಳೆಯುವ ಹುಲ್ಲಿನಲ್ಲೇ ಮೇವು. ಒಂದೇ ಗದ್ದೆ, ಎರಡು ಫಸಲು. ಕಟ್ಟೆ ಒಡೆದರೆ ಮಾತ್ರ ಎರಡೂ ಹೋದವು.

ಕೊನೆಗೆ ಉಪ್ಪು ತಯಾರಿಸುವ ಸಾಣಿಕಟ್ಟಾ ಮತ್ತು ಮೀನುಗಾರಿಕೆ ಬಂದರಿರುವ ತದಡಿ. ಉಪ್ಪಿನ ಕೆಲಸ ನೋಡಬೇಕಿದ್ದರೆ ಬೇಸಿಗೆಯಲ್ಲೇ ಹೋಗಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆಗ ತದಡಿ ಬಂದರಿನಲ್ಲಿ ಕಟ್ಟಿ ಹಾಕಿದ ಬೋಟು ಬಿಟ್ಟರೆ ಹೆಚ್ಚೇನೂ ಕಾಣದು. ನದಿಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರನ್ನು ನೋಡಲು ಇಳಿತದ ಹೊತ್ತು ಯಾವಾಗ ಅಂತ ಊರವರನ್ನು ಮೊದಲೇ ಕೇಳಿಕೊಳ್ಳಿ, ಉಬ್ಬರ ಏರಿದ ಮೇಲೆ ಹೋದರೆ ಬರೀ ನೀರು ನೋಡಿ ಬರಬೇಕಾಗುತ್ತದೆ.